ಗಣಕಯಂತ್ರವೂ ಗುರುಸನ್ನಿಧಿಯೂ



ಆನುವಂಶಿಕ ರೋಗಗಳ ಶಾಸ್ತ್ರವನ್ನು ವೈದ್ಯವಿದ್ಯಾರ್ಥಿಗೆ ಬೋಧಿಸಲು ಗಣಕಯಂತ್ರವೊಂದೇ ಸಾಕೆ, ಗುರುಮುಖವೂ ಬೇಕೆ ಎಂಬ ಪ್ರಶ್ನೆಗೆ ಅಮೆರಿಕದ ವಿಕ್ಟರ್ ಮೆಕ್ಯೂಸಿಕ್ ಮಹಾಶಯರ ಬಾಳಿನಲ್ಲಿಯೇ ಉತ್ತರವಿದೆ. ಅವರು 1960ರಲ್ಲಿ ಬಾರ್ ಹಾರ್ಬರ್ ಎಂಬ ಊರಿನಲ್ಲಿ ಗುರುಶಿಷ್ಯರು ಒಂದೆಡೆ ಕಲೆತು ಅಭ್ಯಸಿಸುವ ವಾರ್ಷಿಕ ಪಾಠಕ್ರಮವನ್ನು ಆರಂಭಿಸಿದರು. 1966ರಲ್ಲಿ ಮಾನವರ ಆನುವಂಶಿಕ ಲಕ್ಷಣಗಳ ಮಹಾಕೋಶವನ್ನು ಪ್ರಕಟಿಸಿದರು. 1987ರಿಂದ ಆ ಕೋಶವು ಗಣಕಜಾಲದಲ್ಲಿಯೂ ದೊರೆಯತೊಡಗಿತು. ಆದರೂ ಬಾರ್ ಹಾರ್ಬರಿನ ಪಾಠವು ನಿಲ್ಲಲಿಲ್ಲ.

ಥಲಸ್ಸೀಮಿಯಾ ರೋಗವನ್ನೇ ನೋಡಿರಿ. ತಾಯಿತಂದೆಗಳಿಬ್ಬರೂ ದೋಷಯುಕ್ತ ವಂಶವಾಹಿಯನ್ನು ಒಂದೊಂದಾಗಿ ಹೊತ್ತಿದ್ದರೆ ಪ್ರತಿಯೊಂದು ಗರ್ಭಕ್ಕೂ ನಾಲ್ಕರಲ್ಲೊಂದು ಪಾಲು ರೋಗಸಂಭವವುಂಟು. ಈ ಗಣಿತವನ್ನು ಯಂತ್ರವು ಬೇಸರವಿಲ್ಲದೆ ನೂರು ಸಲ ಹೇಳಿಕೊಡುವುದು. ಶಿಷ್ಯನು ತಪ್ಪಿದರೆ ಒಡನೆಯೇ ತಿದ್ದುವುದು. ಇದು ಅಲ್ಪೋಪಕಾರವಲ್ಲ. ಆದರೆ ರೋಗಪೀಡಿತ ಕೂಸನ್ನು ಮಡಿಲಲ್ಲಿಟ್ಟುಕೊಂಡ ತಾಯಿಯು, “ಒಂದಕ್ಕೆ ಬಂದಿತು, ಇನ್ನು ಮೂರಕ್ಕೆ ಭಯವಿಲ್ಲವಷ್ಟೆ?” ಎಂದು ಕೇಳಿದರೆ ಸತ್ಯವನ್ನು ಮರೆಸದೆ, ಆಕೆಯ ಧೈರ್ಯವನ್ನೂ ಕೆಡಿಸದೆ ನುಡಿಯುವುದು ಹೇಗೆ? ಅದನ್ನು ಶಿಷ್ಯನು ಗುರುವಿನ ಮಗ್ಗುಲಲ್ಲಿ ಕುಳಿತು, ಅವರ ಮಾತನ್ನೂ ಮೌನವನ್ನೂ ಕಂಡೇ ಕಲಿಯಬೇಕು.

ಆದುದರಿಂದ ಯಂತ್ರವು ಉಳಿಸಿಕೊಟ್ಟ ಹೊತ್ತನ್ನು ಗುರುಗಳು ಈ ಪಾಠಕ್ಕೆ ವಿನಿಯೋಗಿಸುವುದೇ ಶ್ರೇಯಸ್ಕರವು.