ಇಲಿ ಕಚ್ಚಿತು ಅಂತ ಬಾಯಿಬಿಟ್ಟು ಹೇಳೋಣ

(ಹಾಸ್ಟೆಲ್ ವಿದ್ಯಾರ್ಥಿಗಳ ಸಭೆಯಲ್ಲಿ ಆಡಿದ ಮಾತು)



ಕವಿತೆ ಓದಿ ಅಂತ ನಮ್ಮನ್ನು ಕರೆದಿದ್ದೀರಿ. ಕವಿತೆ ಆಮೇಲೆ. ಮೊದಲು ಇಲಿಯ ವಿಷಯ ಮಾತಾಡೋಣ. ನಗಬೇಡಿ. ನೆಲದ ಮೇಲೆ ಚಾಪೆ ಹಾಸಿಕೊಂಡು ಬೆಳೆದವರು ನಾವು. ಇಲಿ ಉಳ್ಳವರ ಮನೆಯಲ್ಲೂ ಇದೆ. ಅಲ್ಲಿ ಅದು ಬಟ್ಟೆ ಕಡಿಯುತ್ತದೆ, ಕಾಗದ ಕಡಿಯುತ್ತದೆ. ನಮ್ಮಲ್ಲಿ ಮೈ ಕಡಿಯುತ್ತದೆ.

ನಾವಿದ್ದ ಹಾಸ್ಟೆಲ್ಲಿನಲ್ಲಿ ಒಬ್ಬ ಹುಡುಗನ ಬೆರಳಿಗೆ ರಾತ್ರಿ ಇಲಿ ಕಚ್ಚಿತು. ನಲ್ಲಿಯಲ್ಲಿ ನೀರಿರಲಿಲ್ಲ, ಉಂಡ ಕೈ ಒರೆಸಿಕೊಂಡು ಮಲಗಿದ್ದ. ಸಾರಿನ ವಾಸನೆಗೆ ಬಂದಿತ್ತು ಅದು. 'ಹಾವಲ್ಲವಲ್ಲ, ಇಲಿ ತಾನೆ, ಬುಡ್ಲಾ' ಅಂತ ನಾವೆಲ್ಲ ನಕ್ಕೆವು. ಅವನು ಸುಣ್ಣ ಹಚ್ಚಿಕೊಂಡ. ನಾಲ್ಕು ದಿನಕ್ಕೆ ಗಾಯ ಒಣಗಿತು. ಎಂಟನೆಯ ದಿನ ಚಳಿಜ್ವರ, ವಾಂತಿ, ಅಂಗೈ ಅಂಗಾಲಲ್ಲಿ ಕೆಂಪು ಗುಳ್ಳೆ. ಮಣಿಕಟ್ಟು ಊದಿ ಲೋಟ ಹಿಡಿಯಲಾರ. ಆಸ್ಪತ್ರೆಯಲ್ಲಿ ಮಲೇರಿಯಾ ಅಂದುಕೊಂಡು ಗುಳಿಗೆ ಕೊಟ್ಟರು. ಇಲಿ ಕಚ್ಚಿದ್ದನ್ನು ಅವನೂ ಹೇಳಲಿಲ್ಲ, ನಾವೂ ಹೇಳಲಿಲ್ಲ. ಮರೆವು ಅರ್ಧ, ನಾಚಿಕೆ ಅರ್ಧ. ವಯಸ್ಸಾದ ನರ್ಸಮ್ಮ ಒಬ್ಬರು 'ಏನಾದ್ರೂ ಕಚ್ಚಿತ್ತೇನಪ್ಪಾ' ಅಂತ ಕೇಳಿದ ಮೇಲೆ ಬಾಯಿಬಿಟ್ಟ. ಪೆನ್ಸಿಲಿನ್ ಕೊಟ್ಟರು, ಜ್ವರ ಇಳಿಯಿತು. ಮಂಡಿನೋವು ಮಾತ್ರ ಪರೀಕ್ಷೆ ಮುಗಿದರೂ ಬಿಡಲಿಲ್ಲ.

ಈ ಕಾಯಿಲೆಗೆ ಇಲಿಕಡಿತದ ಜ್ವರ ಅಂತಲೇ ಹೆಸರು. ಇದನ್ನು ತರುವ ರೋಗಾಣು ಎರಡು. ಸ್ಟ್ರೆಪ್ಟೊಬ್ಯಾಸಿಲಸ್ ಎಂಬುದು ಸಾಮಾನ್ಯವಾಗಿ 3ರಿಂದ 10 ದಿನದೊಳಗೆ ಜ್ವರ ತಂದು ಕೀಲುಗಳನ್ನು ಹಿಡಿಯುತ್ತದೆ. ಸ್ಪಿರಿಲಮ್ ಎಂಬುದು ಏಷ್ಯಾದಲ್ಲೇ ಹೆಚ್ಚು. 1888ರಷ್ಟು ಹಿಂದೆಯೇ ಕಾರ್ಟರ್ ಎಂಬ ವೈದ್ಯ ನಮ್ಮ ದೇಶದ ಇಲಿಯ ರಕ್ತದಲ್ಲಿ ಇಂಥ ಸುರುಳಿ ಜೀವಿಯನ್ನು ಕಂಡು ಬರೆದಿಟ್ಟಿದ್ದ. ಇದು ಬಂದರೆ ಒಂದರಿಂದ ಮೂರು ವಾರಕ್ಕೆ, ವಾಸಿಯಾದ ಗಾಯವೇ ಮತ್ತೆ ಊದಿ ಹುಣ್ಣಾಗುತ್ತದೆ. ಕಂಕುಳಲ್ಲೋ ತೊಡೆಸಂದಿಯಲ್ಲೋ ಗಡ್ಡೆ ಕಟ್ಟುತ್ತದೆ. ಜ್ವರ ಬಿಡುತ್ತದೆ, ಮತ್ತೆ ಬರುತ್ತದೆ.

ಹಾಗೇ ಬಿಟ್ಟರೆ? ರೋಗಾಣು ಹೃದಯದ ಕವಾಟಕ್ಕೆ ಹೋಗಿ ಕೂರಬಹುದು, ಮೆದುಳಿನ ಪೊರೆಗೆ ಹೋಗಬಹುದು, ಒಳಗೆ ಕೀವು ಕಟ್ಟಬಹುದು. ಕೀಲುನೋವು ತಿಂಗಳುಗಟ್ಟಲೆ, ಕೆಲವರಿಗೆ ವರ್ಷಗಟ್ಟಲೆ ಉಳಿಯುತ್ತದೆ. ಔಷಧಿ ಸಿಗದಿದ್ದರೆ ನೂರಕ್ಕೆ ಸುಮಾರು 10 ಮಂದಿ ಸಾಯುತ್ತಾರೆ. ಔಷಧಿಯೋ, ಹಳೆಯ ಪೆನ್ಸಿಲಿನ್ನೇ! ಔಷಧಿ ಇದ್ದೂ ಸಾಯುವುದೆಂದರೆ, ಯಾರೂ ಕೇಳದೆ, ನಾವೂ ಹೇಳದೆ ಸಾಯುವುದು.

ಕಚ್ಚಲೇಬೇಕು ಅಂತಲೂ ಇಲ್ಲ. 1926ರಲ್ಲಿ ಅಮೆರಿಕದ ಹೇವರಿಲ್ ಎಂಬ ಊರಿನಲ್ಲಿ ಹಾಲಿನಿಂದ ಇದೇ ಜ್ವರ ಹರಡಿತು. ನಮ್ಮ ಅಡುಗೆಮನೆಯ ಮುಚ್ಚಳವಿಲ್ಲದ ಪಾತ್ರೆಗಳನ್ನು ನೆನಪು ಮಾಡಿಕೊಳ್ಳಿ.

ಊರಿನಲ್ಲಿರುವ ಹಿರಿಯರನ್ನೂ ನೆನೆಯೋಣ. ಕುಷ್ಠದಿಂದಲೋ ಸಕ್ಕರೆ ಕಾಯಿಲೆಯಿಂದಲೋ ಪಾದ ಜೋಮುಗಟ್ಟಿದವರಿಗೆ ಇಲಿ ಕಡಿದದ್ದು ತಿಳಿಯುವುದೇ ಇಲ್ಲ. ಬೆಳಿಗ್ಗೆ ಚಾಪೆಯ ಮೇಲಿನ ರಕ್ತ ನೋಡಿದಾಗಲೇ ಗೊತ್ತು. ರಜೆಗೆ ಹೋದಾಗ ಅಜ್ಜನ ಕಾಲು ಹಿಡಿದು ನೋಡಿ. ಮಲಗಿದ ಕೂಸಿನ ಬಾಯಿ, ಕೈ ಒರೆಸಿ ಮಲಗಿಸಲು ಅಕ್ಕನಿಗೆ ಹೇಳಿ.

ಕಚ್ಚಿದರೆ ಮಾಡಬೇಕಾದದ್ದು ಇಷ್ಟೆ. ಸೋಪು ಹಾಕಿ ಹರಿಯುವ ನೀರಲ್ಲಿ 15 ನಿಮಿಷ ತೊಳೆಯಿರಿ. ಸುಣ್ಣ, ಕಾಫಿಪುಡಿ ಬೇಡ. ಅಂದೇ ಆಸ್ಪತ್ರೆಗೆ ಹೋಗಿ ಧನುರ್ವಾಯು ಇಂಜೆಕ್ಷನ್ ಬೇಕೇ ಅಂತ ಕೇಳಿ. ಇಲಿಯಿಂದ ಹುಚ್ಚುನಾಯಿ ರೋಗ ಬರುವುದು ಬಹಳ ಅಪರೂಪ, ಆದರೂ ಡಾಕ್ಟರನ್ನೇ ಕೇಳಿ. ಕಚ್ಚಿದ ತಾರೀಖು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಮೂರು ನಾಲ್ಕು ವಾರದೊಳಗೆ ಜ್ವರ ಬಂದರೆ, ಅವರು ಕೇಳಲಿ ಬಿಡಲಿ, 'ಸಾರ್, ನನಗೆ ಇಲಿ ಕಚ್ಚಿತ್ತು' ಅನ್ನಿ.

ಇನ್ನೊಂದು ಕಾಗದ ವಾರ್ಡನ್ನರಿಗೆ. ಯಾವ ಕೋಣೆ, ಯಾವ ದಿನ, ಯಾರಿಗೆ ಕಚ್ಚಿತು ಅಂತ ಬರೆದು ಎಲ್ಲರೂ ಸಹಿ ಹಾಕಿ. ಗೋಡೆಯ ತೂತು ಮುಚ್ಚಿಸಲಿ, ಮಂಚ ಕೊಡಲಿ, ರಾತ್ರಿ ನಲ್ಲಿಗೆ ನೀರು ಬಿಡಲಿ. ಇಲಿ ಕಚ್ಚಿದ್ದು ನಮ್ಮ ಹಣೆಬರಹವಲ್ಲ, ರಿಪೇರಿಯಾಗದ ಗೋಡೆ. ನಾಚಿಕೆಪಡಬೇಕಾದವರು ನಾವಲ್ಲ.

ಈಗ ಒಂದು ಕೆಲಸ. ಈ ವರ್ಷ ಯಾರ್ಯಾರಿಗೆ ಇಲಿ ಕಚ್ಚಿದೆಯೋ ಕೈ ಎತ್ತಿ.

ಇಗೋ, ನಾವೂ ಎತ್ತಿದ್ದೇವೆ.