ಸಿಮೆಂಟಿಗೆ ಸಿಹಿಯಾಗದು

ಸುಣ್ಣದ ಗಾರೆಗೆ ಬೆಲ್ಲದ ನೀರನ್ನೂ ಅಳಲೆಕಾಯಿಯ ಕಷಾಯವನ್ನೂ ಬೆರೆಸುವುದು ನಮ್ಮ ಹಿರಿಯರ ಪದ್ಧತಿ. ಆ ಗಾರೆಯ ಗಟ್ಟಿತನವನ್ನು ಹಳೆಯ ಮನೆಗಳಲ್ಲಿ ನೀವೆಲ್ಲ ಕಂಡಿದ್ದೀರಿ. ಆದರೆ ಸುಣ್ಣಕ್ಕೆ ನೆಂಟನಾದ ಈ ಸಿಹಿ, ಈ ಒಗರು, ಸಿಮೆಂಟಿಗೆ ಮಾತ್ರ ಹಗೆ. ಇದನ್ನು ನಾನು ಪುಸ್ತಕದಿಂದ ತಿಳಿಯುವ ಮೊದಲು ನಷ್ಟದಿಂದ ತಿಳಿದೆ.

ನಮ್ಮ ಸೌದೆ ಕೊಟ್ಟಿಗೆಗೆ ಹಗುರವಾದ ಹಲಗೆಗಳು ಬೇಕಾಗಿದ್ದುವು. ಬಾಗಿಲು ಮಾಡಿಸಿದ ಹೊನ್ನೆಮರದ ಹೊಟ್ಟು ಎರಡು ಮೂಟೆ ಉಳಿದಿತ್ತು. ಅದನ್ನು ಸಿಮೆಂಟಿನೊಡನೆ ಕಲಸಿ ಅಚ್ಚಿಗೆ ಹಾಕಿಸಿದೆ. ವಾರ ಕಳೆದು ಎತ್ತಿದರೆ ಹಲಗೆಯ ಅಂಚು ಕೈಯಲ್ಲೇ ಪುಡಿಯಾಯಿತು. ಸಿಮೆಂಟು ಕೆಟ್ಟದ್ದೆಂದು ಅಂಗಡಿಯವರೊಡನೆ ಜಗಳವಾಡಿ ಬಂದೆ.

ಮೇಸ್ತ್ರಿ ನಕ್ಕ. "ಮೇಷ್ಟ್ರೇ, ಅದೇ ಮೂಟೆಯ ಸಿಮೆಂಟಿನಲ್ಲಿ ಬಚ್ಚಲ ನೆಲ ಹಾಕಿಲ್ಲವೆ? ಅದು ಕಲ್ಲಾಗಿದೆ. ಹೊಟ್ಟನ್ನು ಒಂದು ರಾತ್ರಿ ನೆನೆಹಾಕಿ ನೋಡಿ" ಎಂದ. ಬೆಳಗ್ಗೆ ನೋಡಿದರೆ ನೀರೆಲ್ಲ ಕಷಾಯದ ಬಣ್ಣ!

ಕಾರಣವಿಷ್ಟೆ. ಸಿಮೆಂಟು ನೀರಿನೊಡನೆ ಕೂಡಿ ಗಟ್ಟಿಯಾಗುತ್ತದೆ. ಆಗ ಹುಟ್ಟುವ ಕ್ಷಾರವು ಮರದೊಳಗಿನ ಸಕ್ಕರೆಯನ್ನೂ ಒಗರನ್ನೂ ಹೊರಗೆಳೆಯುತ್ತದೆ. ಅವು ಸಿಮೆಂಟಿನ ಕಣಗಳಿಗೆ ಅಂಟಿಕೊಂಡು, ಕಣ ಕಣ ಬೆಸೆಯದಂತೆ ತಡೆಯುತ್ತವೆ. 1000 ಕಿಲೋಗ್ರಾಂ ಸಿಮೆಂಟಿಗೆ 1 ಕಿಲೋಗ್ರಾಂ ಸಕ್ಕರೆ ಸೇರಿದರೂ ಬಿಗಿಯುವುದು ಗಂಟೆಗಟ್ಟಲೆ ತಡವಾಗುತ್ತದೆ.

ಆದುದರಿಂದ ಬಾಗಿಲಿಗೆ ಉತ್ತಮವಾದ ಮರ ಹಲಗೆಗೂ ಉತ್ತಮವೆಂದು ತಿಳಿಯಬಾರದು. ಬಾಗಿಲಿಗೆ ಬೆಲೆ ತರುವ ಚೇಗಿನಲ್ಲಿಯೇ ಸಾಮಾನ್ಯವಾಗಿ ಒಗರು ಹೆಚ್ಚು. ತೊಗಟೆ ಸಲ್ಲದು. ಬೂಷ್ಟು ಹಿಡಿದು ಕೊಳೆತ ಮರವೂ ಸಲ್ಲದು. ಕೊಳೆಯುವಾಗ ಮರದ ನಾರು ಒಡೆದು ಸಕ್ಕರೆಯಾಗುತ್ತದೆ. ಯೂರೋಪಿನವರು ಇಂಥ ಹಲಗೆಗೆ ಸ್ಪ್ರೂಸ್, ಪಾಪ್ಲರ್ ಮರಗಳನ್ನು ಬಳಸುತ್ತಾರೆ. ಗಟ್ಟಿಮುಟ್ಟಾದ ಲಾರ್ಚ್ ಮರ ಅವರಿಗೂ ತೊಡಕಿನದೇ.

ಮರದ ಆಕಾರವೂ ಮುಖ್ಯ. ತೆಳುವಾದ ಉದ್ದನೆಯ ಎಳೆಗಳು ಒಂದರೊಳಗೊಂದು ಹೆಣೆದುಕೊಂಡು, ಹಲಗೆ ಬಾಗಿದರೂ ಮುರಿಯದಂತೆ ಹಿಡಿಯುತ್ತವೆ. ನುಣ್ಣನೆಯ ಹುಡಿಗೆ ಹಿಡಿಯುವ ಶಕ್ತಿಯಿಲ್ಲ, ಸಿಮೆಂಟನ್ನು ಮಾತ್ರ ಹೆಚ್ಚು ಕುಡಿಯುತ್ತದೆ.

ಪರಿಹಾರಗಳುಂಟು. ದಿಮ್ಮಿಗಳನ್ನು ಕೊಳೆಯದಂತೆ ಕೆಲವು ತಿಂಗಳು ಒಣಗಲು ಬಿಟ್ಟರೆ ಸಕ್ಕರೆ ತಗ್ಗುತ್ತದೆ. ಹೊಟ್ಟನ್ನು ನೆನೆಸಿ ಆ ನೀರನ್ನು ಚೆಲ್ಲಬೇಕು. ಕಾರ್ಖಾನೆಗಳಲ್ಲಿ ಕ್ಯಾಲ್ಸಿಯಂ ಕ್ಲೋರೈಡಿನಂಥ ಲವಣವನ್ನು ಸ್ವಲ್ಪ ಬೆರೆಸುವುದೂ ಉಂಟು. ಆದರೆ ಒಳಗೆ ಕಬ್ಬಿಣದ ಸರಳಿದ್ದರೆ ಅದು ಕೂಡದು, ತುಕ್ಕು ಹಿಡಿಯುತ್ತದೆ.

ಮನೆಯಲ್ಲಿಯೇ ಒಂದು ಪರೀಕ್ಷೆ ಮಾಡಬಹುದು. ಬರಿಯ ಸಿಮೆಂಟಿನದೊಂದು ಉಂಡೆ, ಹೊಟ್ಟು ಬೆರೆಸಿದ್ದೊಂದು ಉಂಡೆ ಮಾಡಿಡಿ. ಮರುದಿನ ಎರಡನ್ನೂ ಉಗುರಿನಿಂದ ಗೀರಿ ನೋಡಿ. ಮೊದಲನೆಯದು ಗಟ್ಟಿಯಾಗಿ ಎರಡನೆಯದು ಇನ್ನೂ ಮೆತ್ತಗಿದ್ದರೆ ಆ ಮರವನ್ನು ಹಾಗೆಯೇ ಬಳಸಬೇಡಿ.

ಎರಡು ಬಾರಿ ತೊಳೆದ ಹೊಟ್ಟಿನಿಂದ ಮಾಡಿದ ಹಲಗೆಗಳು ನಮ್ಮ ಕೊಟ್ಟಿಗೆಯ ಗೋಡೆಯಲ್ಲಿ ಇಂದಿಗೂ ನಿಂತಿವೆ. ಭಾರ ಹೊರುವ ಕಡೆ ಮಾತ್ರ ನಾನು ಅವನ್ನು ಇಡಲಿಲ್ಲ. ಅಂಗಡಿಯವರಲ್ಲಿಗೆ ಹೋಗಿ ತಪ್ಪು ನನ್ನದೆಂದು ಒಪ್ಪಿಕೊಂಡು ಬಂದೆ.