ಸೈಬೀರಿಯಾದ ಹಕ್ಕಿ, ಸೊರಬದ ಉಣುಗು



ದೇಶದೇಶಗಳ ನಡುವಿನ ವಿಜ್ಞಾನ ಸಹಕಾರದ ಬಗ್ಗೆ ಮಾತಾಡಿ ಅಂದಿದ್ದೀರಿ. ನಾನು ನಮ್ಮ ಜಿಲ್ಲೆಯ ಒಂದು ಕಾಡು ಬಿಟ್ಟು ಹೆಚ್ಚು ದೂರ ಹೋಗುವುದಿಲ್ಲ.

1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗ, ಮುಸಿಯಗಳು ಸತ್ತು ಬಿದ್ದವು. ಸುತ್ತಲ ಹಳ್ಳಿಯವರು ಜ್ವರದಲ್ಲಿ ಮಲಗಿದರು. ಮಂಗನ ಕಾಯಿಲೆಯ ಕಥೆ ನಿಮಗೆ ಹೊಸದಾಗಿ ಹೇಳಬೇಕಾಗಿಲ್ಲ. ವೈರಸ್ ಹಿಡಿದವರು ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು. ನಮ್ಮ ಐಸಿಎಂಆರ್ ಮತ್ತು ಅಮೆರಿಕದ ರಾಕ್‌ಫೆಲರ್ ಪ್ರತಿಷ್ಠಾನ ಸೇರಿ 1952ರಲ್ಲಿ ಕಟ್ಟಿದ ಸಂಸ್ಥೆ ಅದು. ಮಂಗ ಸಾಯುತ್ತಿದೆ ಎಂದಾಗ ಅವರಿಗೆ ಮೊದಲು ಹುಟ್ಟಿದ ಭಯ ಹಳದಿ ಜ್ವರದ್ದು. ಆಫ್ರಿಕಾ, ದಕ್ಷಿಣ ಅಮೆರಿಕಗಳಲ್ಲಿದ್ದ ಆ ರೋಗ ಏಷ್ಯಾಕ್ಕೆ ಕಾಲಿಟ್ಟಿರಲಿಲ್ಲ. ಪರೀಕ್ಷೆ ಮಾಡಿದಾಗ ಬೇರೆಯೇ ತಿಳಿಯಿತು. ಇದು ಉಣುಗಿನಿಂದ ಹರಡುವ ವೈರಸ್, 1937ರಲ್ಲಿ ಸೋವಿಯತ್ ವಿಜ್ಞಾನಿ ಲೆವ್ ಜಿಲ್ಬರ್ ಮತ್ತು ಅವರ ತಂಡ ರಷ್ಯಾದ ಪೂರ್ವದಂಚಿನ ಕಾಡಿನಲ್ಲಿ ಕಂಡ ಮಿದುಳು ಜ್ವರದ ವೈರಸ್ಸಿಗೆ ದಾಯಾದಿ.

ನನ್ನ ತಕರಾರು ಇರುವುದು ಇದರ ಮುಂದೆ ನಡೆದದ್ದರ ಬಗ್ಗೆ.

ರಷ್ಯಾದ ವೈರಸ್ಸಿನ ನೆಂಟ ಸೊರಬಕ್ಕೆ ಬಂದದ್ದು ಹೇಗೆ? ಶೀತಲ ಸಮರದ ಕಾಲ. ಎಲ್ಲರೂ ಆಕಾಶ ನೋಡಿದರು. ಚಳಿಗಾಲಕ್ಕೆ ಸೈಬೀರಿಯಾದಿಂದ ಇಳಿದು ಬರುವ ಹಕ್ಕಿಗಳ ಮೈಮೇಲೆ ಉಣುಗು ಕೂತು ಬಂದಿರಬೇಕು ಎಂಬ ಊಹೆ ಬಲವಾಯಿತು. ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ಸಲೀಂ ಅಲಿ ಮತ್ತು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯವರು 1959ರಿಂದ ವಲಸೆ ಹಕ್ಕಿಗಳಿಗೆ ಬಳೆ ತೊಡಿಸತೊಡಗಿದರು. ಮುಂದೆ ಅಮೆರಿಕದ ಸೈನ್ಯದ ಹಣವೂ ಆ ಕೆಲಸಕ್ಕೆ ಸೇರಿತು. ಹಕ್ಕಿಗಳ ದಾರಿ ಬಗ್ಗೆ ದೇಶಕ್ಕೆ ಅಮೂಲ್ಯ ತಿಳಿವಳಿಕೆ ಬಂತು, ಅದನ್ನು ನಾನು ಕಡಿಮೆ ಮಾಡಿ ಹೇಳುವುದಿಲ್ಲ. ಆದರೆ ಸೊರಬಕ್ಕೆ ರೋಗ ತಂದ ಹಕ್ಕಿ ಮಾತ್ರ ಸಿಗಲಿಲ್ಲ. ನೆಂಟಸ್ತಿಕೆ ನಂಬಿಕೊಂಡು ರಷ್ಯಾದ ರೋಗಕ್ಕೆಂದು ತಯಾರಾಗಿದ್ದ ಲಸಿಕೆಯನ್ನು ನಮ್ಮ ಹಳ್ಳಿಗರಿಗೆ ಚುಚ್ಚಿ ನೋಡಿದರು. ಅದೂ ಕಾಯಲಿಲ್ಲ.

ಆ ಹೊತ್ತಿಗೆ ಸಾಗರದಲ್ಲಿ ಕೂತು ನೆಲ ನೋಡುತ್ತಿದ್ದ ಒಬ್ಬರಿದ್ದರು. ಹೋರ್ಹೆ ಬೊಷೆಲ್, ಕೊಲಂಬಿಯಾ ದೇಶದವರು. ತಮ್ಮ ದೇಶದಲ್ಲಿ ಹಳದಿ ಜ್ವರದ ಬೆನ್ನು ಹತ್ತಿದ್ದಾಗ ಅವರು ಒಂದು ಸಂಗತಿ ಕಣ್ಣಾರೆ ಕಂಡಿದ್ದರು. ಮರ ಕಡಿಯುವವರು ದೊಡ್ಡ ಮರ ಉರುಳಿಸಿದಾಗ, ತುದಿಕೊಂಬೆಗಳಲ್ಲಿ ಮಂಗಗಳ ರಕ್ತ ಕುಡಿದುಕೊಂಡಿದ್ದ ಸೊಳ್ಳೆಗಳು ನೆಲಕ್ಕಿಳಿದು ಅವರನ್ನೇ ಮುತ್ತುತ್ತಿದ್ದವು. ಕಾಡಿಗೆ ಕೊಡಲಿ ಬಿದ್ದಾಗ ರೋಗ ಎಲ್ಲಿಗೆ ಸರಿಯುತ್ತದೆ ಎಂದು ನೋಡುವ ಅಭ್ಯಾಸ ಅವರಿಗಿತ್ತು. ಸಹೋದ್ಯೋಗಿ ಪಿ. ಕೆ. ರಾಜಗೋಪಾಲನ್ ಜೊತೆ ಸೇರಿ ಮಂಗ, ಇಲಿ, ಮೂಗಿಲಿಗಳನ್ನು ಕಾಡಿನಲ್ಲಿಟ್ಟು ಎಲ್ಲಿ ಯಾವ ಉಣುಗು ಹತ್ತುತ್ತದೆ ಎಂದು ನೋಡಿದರು. 1969ರಲ್ಲಿ ಬರೆದ ಲೇಖನದಲ್ಲಿ ಬೊಷೆಲ್ ಹೇಳಿದ್ದರ ಸಾರ ಇಷ್ಟು: ವೈರಸ್ ಎಲ್ಲಿಂದಲೋ ಹಾರಿ ಬಂದದ್ದಲ್ಲ, ಕಾಡಿನೊಳಗೆ ಸಣ್ಣ ಪ್ರಾಣಿಗಳ ನಡುವೆ ಸದ್ದಿಲ್ಲದೆ ಇತ್ತು. ಜನ ಹೆಚ್ಚಿದರು, ಕಾಡು ಸವರಿ ಗದ್ದೆ ಮಾಡಿದರು, ದನ ಮೇಯಲು ಒಳಗೆ ಹೋದವು. ಬಲಿತ ಉಣುಗಿಗೆ ದನದ ರಕ್ತ ಬೇಕಾದಷ್ಟು ಸಿಕ್ಕಿತು, ಕಾಡಂಚಿನಲ್ಲಿ ಅದರ ಸಂತತಿ ಉಕ್ಕಿತು.

ನಾನು ಬೊಷೆಲ್ ಪಕ್ಷ.

ನನ್ನನ್ನು ಈ ಪಕ್ಷಕ್ಕೆ ಸೇರಿಸಿದವರು ಪ್ರಾಣಿಶಾಸ್ತ್ರ ಕಲಿಸಿದ ನಮ್ಮ ಮೇಷ್ಟ್ರು. ಹುಡುಗರಾಗಿದ್ದಾಗ ಅವರು ಸಾಗರದ ಕಡೆ ಆ ತಂಡದ ಹಿಂದೆ ಓಡಾಡಿದ್ದರಂತೆ. ಫ್ಲಾನೆಲ್ ಬಟ್ಟೆಯನ್ನು ಒಣಗಿದೆಲೆಯ ಮೇಲೆ ಎಳೆದು, ಅಂಟಿಕೊಂಡ ಸಾಸಿವೆ ಗಾತ್ರದ ಉಣುಗುಗಳನ್ನು ಚಿಮಟದಿಂದ ಹೆಕ್ಕಿ ಸೀಸೆಗೆ ಹಾಕುವುದನ್ನು ತರಗತಿಯಲ್ಲಿ ಅಭಿನಯಿಸಿ ತೋರಿಸುತ್ತಿದ್ದರು. ಬೊಷೆಲ್ ಹೆಸರು ಬಂದರೆ ಗಂಟೆ ಹೊಡೆದರೂ ಪಾಠ ಮುಗಿಯುತ್ತಿರಲಿಲ್ಲ. ಮತ್ತೊಂದು ದೇಶದ ಕಾಡನ್ನು ಕಣ್ಣಲ್ಲಿ ಇಟ್ಟುಕೊಂಡು ಬಂದ ಮನುಷ್ಯ ಎಂದು ಅವರನ್ನು ಗೌರವಿಸುತ್ತಿದ್ದರು. ಅದೇ ಉಸಿರಿನಲ್ಲಿ, ಹಳ್ಳಿಯವರ ರಕ್ತ ತುಂಬಿಕೊಂಡು ಹೋದ ಸೀಸೆಗಳ ಲೆಕ್ಕ ಹಳ್ಳಿಗೆ ಯಾರಾದರೂ ಒಪ್ಪಿಸಿದರೇ ಎಂದೂ ಕೇಳುತ್ತಿದ್ದರು.

ಈ ಎರಡನೆಯ ಮಾತು 1974ರಲ್ಲಿ ದೇಶದ ಮಾತಾಯಿತು. ಹಕ್ಕಿಗಳ ಅಧ್ಯಯನಕ್ಕೂ ದೆಹಲಿಯ ಸೊಳ್ಳೆ ಸಂಶೋಧನೆಗೂ ವಿದೇಶಿ ಸೈನ್ಯದ ಆಸಕ್ತಿಗೂ ಇದ್ದ ನಂಟಿನ ಬಗ್ಗೆ ಪತ್ರಿಕೆಗಳು ಬರೆದವು. 1975ರಲ್ಲಿ ಸಂಸತ್ತಿನ ಸಾರ್ವಜನಿಕ ಲೆಕ್ಕಪತ್ರ ಸಮಿತಿ ಕಟುವಾದ ವರದಿ ಕೊಟ್ಟಿತು. ಜೈವಿಕ ಯುದ್ಧದ ಅನುಮಾನ ಎದ್ದಿತು. ಸೈನ್ಯದ ಹಣ ಬಂದದ್ದು ನಿಜವಾದ್ದರಿಂದ ಅನುಮಾನ ಆಧಾರವಿಲ್ಲದ್ದಲ್ಲ. ಆದರೆ ಆ ಗಲಾಟೆಯಲ್ಲಿ ಹಕ್ಕಿ ಸುದ್ದಿಯಾಯಿತು, ಸೊರಬದ ರೋಗಿ ಆಗಲಿಲ್ಲ. 1982-83ರಲ್ಲಿ ಬೆಳ್ತಂಗಡಿ ಕಡೆ ಗೇರು ನೆಡಲು ಕಾಡು ಸವರಿದ ಜಾಗದಲ್ಲಿ ಅದೇ ಜ್ವರ ಎದ್ದು ಜನ ಸತ್ತರು. ಬೊಷೆಲ್ ಬರೆದಿಟ್ಟದ್ದನ್ನು ಆಗ ಯಾರು ತೆರೆದು ನೋಡಿದರು?

ಕಾಡು ಕಡಿದವರು ಯಾರೋ ಎಂದು ಭದ್ರಾವತಿಯವರಾದ ನಾವು ಹೇಳುವಂತಿಲ್ಲ. 1923ರಲ್ಲಿ ಇಲ್ಲಿಯ ಕಾರ್ಖಾನೆಯಲ್ಲಿ ಕಬ್ಬಿಣ ಕರಗಿದ್ದು ಮಲೆನಾಡಿನ ಮರ ಸುಟ್ಟ ಇದ್ದಿಲಿನಿಂದ. ನನ್ನ ಅನ್ನವೂ ಆ ಕಾರ್ಖಾನೆಯದ್ದೇ.

ನನ್ನ ಪಕ್ಷಕ್ಕೂ ಪೆಟ್ಟು ಬಿದ್ದಿದೆ, ಅದನ್ನು ಮುಚ್ಚಿಡಲಾರೆ. 1990ರ ದಶಕದಲ್ಲಿ ಸೌದಿ ಅರೇಬಿಯಾದಲ್ಲಿ ಅಲ್‌ಖುರ್ಮಾ ಎಂಬ ವೈರಸ್ ಸಿಕ್ಕಿತು, ನಮ್ಮದಕ್ಕೆ ತೀರ ಹತ್ತಿರದ್ದು. ಎರಡೂ ಬೇರೆಯಾಗಿ ಕೆಲವೇ ದಶಕವಾಯಿತು ಎಂದು 2009ರಲ್ಲಿ ಪುಣೆಯವರು ಅಂದಾಜು ಮಾಡಿದರು. ಇಲ್ಲ, ಸುಮಾರು 700 ವರ್ಷವಾಗಿದೆ ಎಂದಿತು 2011ರ ಇನ್ನೊಂದು ಅಧ್ಯಯನ. ಏನೇ ಇರಲಿ, ಸಮುದ್ರದ ಆಚೆ ಈಚೆ ಇವುಗಳನ್ನು ಒಯ್ದದ್ದು ಯಾವುದು? ಹಕ್ಕಿ ಮತ್ತೆ ಕಟಕಟೆಗೆ ಬಂದು ನಿಂತಿದೆ.

ಈಗಿನ ಸ್ಥಿತಿ ಹೇಳುತ್ತೇನೆ. 2019ರ ಹೊತ್ತಿಗೆ ಸಾಗರದ ಅರಳಗೋಡಿನಲ್ಲಿ ಇದೇ ಜ್ವರ ಎದ್ದು ಜನ ಸತ್ತದ್ದು ನಿಮಗೆ ನೆನಪಿದೆ. ಮಂಗನ ಕಾಯಿಲೆಗೆಂದೇ ಆಮೇಲೆ ಬಂದ ಲಸಿಕೆಯೂ ಸಾಕಷ್ಟು ಫಲ ಕೊಡುತ್ತಿಲ್ಲವೆಂದು 2022ರಲ್ಲಿ ನಿಲ್ಲಿಸಿದರು. ಕಾಡಿಗೆ ಹೋಗುವವರು ಉಣುಗು ಹತ್ತದಂತೆ ಡೆಪಾ ಎಣ್ಣೆ ಹಚ್ಚಿಕೊಳ್ಳುತ್ತಿದ್ದಾರೆ. 2025ರ ಮೇ ತಿಂಗಳಲ್ಲಿ ಜಿನೀವಾದಲ್ಲಿ ದೇಶಗಳು ಸೇರಿ ಸಾಂಕ್ರಾಮಿಕ ಒಪ್ಪಂದವನ್ನು ಅಂಗೀಕರಿಸಿದವು. ಆದರೆ ವೈರಸ್ ಕೊಟ್ಟ ದೇಶಕ್ಕೆ ಲಸಿಕೆಯಲ್ಲಿ ಎಷ್ಟು ಪಾಲು ಎಂಬ ಭಾಗವನ್ನು ಮುಂದಿನ ಮಾತುಕತೆಗೆ ಬಿಟ್ಟರು. ಮೇಷ್ಟ್ರ ಸೀಸೆಯ ಲೆಕ್ಕ ಇನ್ನೂ ಬಾಕಿ ಇದೆ.

ನೀವು ಪ್ರಶ್ನೆ ಕೇಳುವ ಮೊದಲು ನನ್ನವನ್ನು ಕೇಳಿಬಿಡುತ್ತೇನೆ. 1975ರ ಆ ಸಮಿತಿಯಲ್ಲಿ ನಾನಿದ್ದಿದ್ದರೆ ವರದಿಗೆ ಸಹಿ ಹಾಕುತ್ತಿದ್ದೆನೇ? ಹಾಕುತ್ತಿದ್ದೆ ಅನ್ನಿಸುತ್ತದೆ. ಹಾಗೆ ಸಹಿ ಹಾಕುವವರೇ ಮೊದಲಿನಿಂದ ತುಂಬಿದ್ದರೆ ಬೊಷೆಲ್ ಸಾಗರಕ್ಕೆ ಬರುತ್ತಿದ್ದರೇ? ನಾಳೆ ಅಂಥ ಇನ್ನೊಬ್ಬರು ಅರಳಗೋಡಿಗೆ ಬಂದು ರಕ್ತದ ಮಾದರಿ ಕೇಳಿದರೆ, ಮೊದಲು ಕರಾರಾಗಲಿ ಎನ್ನಬೇಕೋ, ಜ್ವರದ ಕಾಲ ಮುಗಿಯುವ ಮೊದಲು ಕೊಟ್ಟುಬಿಡಿ ಎನ್ನಬೇಕೋ? ಅಲ್ಲಿ ಮನೆಯವರನ್ನು ಕಳೆದುಕೊಂಡವರ ಎದುರು ನಿಂತು ಇವೆರಡರಲ್ಲಿ ಯಾವುದನ್ನು ಹೇಳಲು ನನಗೆ ಬಾಯಿ ಬರುತ್ತದೆ?